ಹಳೇ ಕಟ್ಟಡಕ್ಕೆ ಹೊಸ ಕಚೇರಿ ಬಂತು; ಫೈರ್ ಅಲಾರಂ ಬಂತೇ?

ನವೀಕರಿಸಿದ ಸರ್ಕಾರಿ ಕಚೇರಿಗೆ ಬೆಂಕಿ ಎಚ್ಚರಿಕೆ ವ್ಯವಸ್ಥೆ ಹೇಗಿರಬೇಕು? ಟಿ.ಬಿ. ಡ್ಯಾಂನಿಂದ ಒಂದು ಕೈಪಿಡಿ

2021ರ ಅಕ್ಟೋಬರ್ 2ರಂದು ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಗಿ ಉದ್ಘಾಟನೆಯಾಯಿತು. ಜಿಲ್ಲೆ ಆದಮೇಲೆ ಜಿಲ್ಲಾಧಿಕಾರಿಗೆ, ಖಜಾನೆಗೆ, ಹತ್ತಾರು ಇಲಾಖೆಗಳಿಗೆ ಜಾಗ ಬೇಕಲ್ಲ? ಹೊಸಪೇಟೆಯಲ್ಲಿ ಅದಕ್ಕೆ ಕಣ್ಣಿಗೆ ಬಿದ್ದದ್ದು ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಆವರಣ. 1960ರಲ್ಲಿ ಶುರುವಾಗಿ ಅಣೆಕಟ್ಟುಗಳಿಗೆ ಗೇಟು ಮಾಡಿಕೊಡುತ್ತಿದ್ದ ಈ ಸಾರ್ವಜನಿಕ ಉದ್ಯಮವನ್ನು ಮುಚ್ಚಲು ಕೇಂದ್ರ ಸಂಪುಟ 2015ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತ್ತು. ಖಾಲಿ ಬಿದ್ದಿದ್ದ ಕಾರ್ಖಾನೆಯ ಆವರಣ ಜಿಲ್ಲಾಡಳಿತದ ವಿಳಾಸವಾಯಿತು.

ಇದು ಒಳ್ಳೆಯ ನಿರ್ಧಾರವೇ. ಇರುವ ಕಟ್ಟಡ ಬಿಟ್ಟು ಹೊಸದಕ್ಕೆ ಕೋಟಿಗಟ್ಟಲೆ ಸುರಿಯುವುದಕ್ಕಿಂತ ಹಳೆಯದನ್ನು ಸರಿಮಾಡಿಕೊಳ್ಳುವುದು ಜಾಣತನ. ಟಿ.ಬಿ. ಡ್ಯಾಂನಲ್ಲಿ ಅಣೆಕಟ್ಟೆ ಕಟ್ಟುವ ಕಾಲದ ಎಷ್ಟೋ ಕಟ್ಟಡಗಳು ಈಗಲೂ ಗಟ್ಟಿಯಾಗಿ ನಿಂತಿವೆ. ಸಂಡೂರು, ಕಂಪ್ಲಿಯಲ್ಲೂ ಹಳೇ ಕಟ್ಟಡಗಳಲ್ಲಿ ಕಚೇರಿ ನಡೆಸುವುದು ಹೊಸತೇನಲ್ಲ. ಆದರೆ ನವೀಕರಣ ಅಂದಕೂಡಲೇ ಅಂದಾಜು ಪಟ್ಟಿಯಲ್ಲಿ ಮೊದಲು ಬರುವುದು ಟೈಲ್ಸ್, ಫಾಲ್ಸ್ ಸೀಲಿಂಗ್, ಎಸಿ, ಸಾಹೇಬರ ಚೇಂಬರ್. ಫೈರ್ ಅಲಾರಂ ಕೊನೆಯ ಸಾಲಿನಲ್ಲಿ ‘ಇತರೆ’ ಅಡಿಯಲ್ಲಿ ಇರುತ್ತದೆ. ಕೆಲವೊಮ್ಮೆ ಅದೂ ಇರುವುದಿಲ್ಲ.

ಈ ಬರಹ ಯಾವುದೋ ಒಂದು ಕಟ್ಟಡದ ತಪಾಸಣಾ ವರದಿಯಲ್ಲ. ಹಳೇ ಕಟ್ಟಡವೊಂದು ಕಚೇರಿಯಾದಾಗ ಅದರ ಅಲಾರಂ ವಿನ್ಯಾಸ ಹೇಗಾಗಬೇಕು, ಎಲ್ಲಿ ತಪ್ಪುತ್ತದೆ, ತಪ್ಪಿದ್ದನ್ನು ನೀವು ಹೇಗೆ ಗುರುತಿಸಬಹುದು ಅನ್ನುವ ವಿವರ. ಕಚೇರಿ ಸರ್ಕಾರದ್ದಾದರೆ ಕೇಳುವ ಹಕ್ಕು ನಿಮಗೆ ಇದ್ದೇ ಇದೆ.

ಮೊದಲು ನಿಮಿಷಗಳ ಲೆಕ್ಕ

ಅಲಾರಂ ಬೆಂಕಿ ಆರಿಸುವುದಿಲ್ಲ. ಅದು ಕೊಡುವುದು ಸಮಯ ಮಾತ್ರ. ಹಾಗಾಗಿ ವಿನ್ಯಾಸ ಎರಡು ಗಡಿಯಾರಗಳಿಂದ ಶುರುವಾಗಬೇಕು. ಒಂದು, ಬೆಂಕಿ ಹತ್ತಿದ ಕ್ಷಣದಿಂದ ಓಡಾಡುವ ದಾರಿಯಲ್ಲಿ ಉಸಿರಾಡಲಾಗದಷ್ಟು ಹೊಗೆ ತುಂಬುವವರೆಗಿನ ಸಮಯ. ಇನ್ನೊಂದು, ಬೆಂಕಿ ಪತ್ತೆಯಾಗಿ, ಗಂಟೆ ಬಾರಿಸಿ, ಜನಕ್ಕೆ ಅರ್ಥವಾಗಿ, ಅವರು ಎದ್ದು, ಕೊನೆಯವರು ಹೊರಗೆ ಬರುವವರೆಗಿನ ಸಮಯ. ಎರಡನೆಯದು ಮೊದಲನೆಯದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಇಡೀ ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಈ ಲೆಕ್ಕ ಕೂಡಿಸುವ ಉಪಾಯ.

ಇಲ್ಲಿ ‘ಕೊನೆಯವರು’ ಯಾರು ಅನ್ನುವುದೇ ದೊಡ್ಡ ಪ್ರಶ್ನೆ. ಪಿಂಚಣಿ ಕೇಳಲು ಕೂಡ್ಲಿಗಿ ಕಡೆಯಿಂದ ಬಂದ ಅಜ್ಜಿಗೆ ಕಟ್ಟಡದ ಹಿಂಬಾಗಿಲು ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ವೀಲ್‌ಚೇರ್‌ನಲ್ಲಿ ಬಂದವರು ಮೆಟ್ಟಿಲು ಇಳಿಯಲಾರರು. ರೆಕಾರ್ಡ್ ರೂಮ್‌ನ ಕಪಾಟುಗಳ ನಡುವೆ ಕಡತ ಹುಡುಕುತ್ತಿರುವ ಅಟೆಂಡರ್‌ಗೆ ಹೊರಗಿನ ಸದ್ದು ಕೇಳುವುದಿಲ್ಲ. ಚೇಂಬರ್‌ನಲ್ಲಿ ಕುಳಿತವರನ್ನು ಎಬ್ಬಿಸಲು ಯಾರಾದರೂ ಓಡಿಬರುತ್ತಾರೆ. ವಿನ್ಯಾಸ ಆಗಬೇಕಾದ್ದು ಉಳಿದವರ ಲೆಕ್ಕ ಇಟ್ಟುಕೊಂಡು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಚೇರಿ ಕಟ್ಟಡದಲ್ಲಿ ಈ ಲೆಕ್ಕ ತಪ್ಪಿತು. ವಿದ್ಯುತ್ ತಂತಿಗಳ ಶಾಫ್ಟ್‌ನಿಂದ ಎದ್ದ ಹೊಗೆ ಮಹಡಿಗಳಿಗೆ ಹರಡಿತು. ಕೆಲವರು ಕಿಟಕಿಯಿಂದ ಜಿಗಿದರು. 9 ಮಂದಿ ಸತ್ತರು. ಮನೆಯವರನ್ನು ಕಳೆದುಕೊಂಡವರು ಸೇರಿ ಕಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಸಂಘಟನೆ ಅಗ್ನಿ ಸುರಕ್ಷತೆಯನ್ನು ಸಾರ್ವಜನಿಕ ವಿಷಯ ಮಾಡಲು ದುಡಿಯುತ್ತಾ ಬಂದಿದೆ. ಕಾರ್ಲ್‌ಟನ್ ಕಲಿಸಿದ ಪಾಠ: ಕಚೇರಿಯಲ್ಲಿ ಜನರನ್ನು ಮೊದಲು ಮುಟ್ಟುವುದು ಜ್ವಾಲೆಯಲ್ಲ, ಹೊಗೆ.

ಹಳೇ ನಕ್ಷೆ ನಂಬಬೇಡಿ

ಹೊಸ ಕಟ್ಟಡದಲ್ಲಿ ನಕ್ಷೆ ಮೊದಲು, ಗೋಡೆ ಆಮೇಲೆ. ಹಳೇ ಕಟ್ಟಡದಲ್ಲಿ ಗೋಡೆಗಳು ಹತ್ತಾರು ಸಲ ಬದಲಾಗಿರುತ್ತವೆ, ನಕ್ಷೆ ಮಾತ್ರ ಹಳೇದೇ. ಅದಕ್ಕೆ ವಿನ್ಯಾಸದ ಮೊದಲ ಕೆಲಸ, ಟೇಪು ಹಿಡಿದು ಕಟ್ಟಡ ಸುತ್ತುವುದು. ಆಗ ನೋಡಬೇಕಾದವು:

- ಹಿಂದೆ ಏನಾಗಿತ್ತು, ಈಗ ಏನಾಗುತ್ತಿದೆ? ಉಗ್ರಾಣ ಈಗ ಜನ ಕೂರುವ ಹಾಲ್ ಆಗಿದೆಯಾ? ಬಳಕೆ ಬದಲಾದರೆ ಅಪಾಯವೂ ಬದಲಾಗುತ್ತದೆ.
- ಫಾಲ್ಸ್ ಸೀಲಿಂಗ್ ಮೇಲೆ ಏನಿದೆ? ಹಳೇ ತಂತಿ, ಹೊಸ ತಂತಿ, ಇಂಟರ್ನೆಟ್ ಕೇಬಲ್ ಎಲ್ಲವೂ ಅಲ್ಲಿ ಗೋಜಲಾಗಿ ಮಲಗಿರುತ್ತವೆ. ಮೇಲಿನ ಆ ಖಾಲಿ ಜಾಗ 80 ಸೆಂಟಿಮೀಟರ್‌ಗಿಂತ ಎತ್ತರವಿದ್ದರೆ ಅಲ್ಲಿಗೂ ಪ್ರತ್ಯೇಕ ಡಿಟೆಕ್ಟರ್ ಬೇಕು.
- ಮಹಡಿಯಿಂದ ಮಹಡಿಗೆ ತೂತುಗಳು ಎಲ್ಲಿವೆ? ಕೇಬಲ್ ಹಾಯಿಸಲು ಕೊರೆದು ಹಾಗೇ ಬಿಟ್ಟ ತೂತು ಹೊಗೆಗೆ ಚಿಮಣಿ ಇದ್ದಂತೆ. ಅದನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚದೆ ಅಲಾರಂ ಹಾಕಿ ಪ್ರಯೋಜನವಿಲ್ಲ.
- ಯಾವ ಬಾಗಿಲಿಗೆ ಬೀಗ ಬೀಳುತ್ತದೆ? ಕಳ್ಳತನದ ಭಯಕ್ಕೆ ಹಿಂಬಾಗಿಲು ಮುಚ್ಚುವುದು ನಮ್ಮ ಕಚೇರಿಗಳ ಹಳೇ ಚಾಳಿ. ಮೆಟ್ಟಿಲ ಕೆಳಗೆ ಮುರಿದ ಕುರ್ಚಿ ಪೇರಿಸುವುದೂ ಅಷ್ಟೇ.
- ವಿದ್ಯುತ್ ಹೊರೆ ಎಷ್ಟು ಏರಿದೆ? ಫ್ಯಾನು, ಟ್ಯೂಬ್‌ಲೈಟಿಗೆ ಎಳೆದ ತಂತಿಯ ಮೇಲೆ ಈಗ ಎಸಿ, ಕಂಪ್ಯೂಟರ್, ಪ್ರಿಂಟರ್, ಯುಪಿಎಸ್ ಕೂತಿರುತ್ತವೆ.

ಈ ಸುತ್ತಾಟದ ಕೊನೆಗೆ ಈಗಿನ ಕಟ್ಟಡದ ಹೊಸ ನಕ್ಷೆ ಸಿದ್ಧವಾಗಬೇಕು. ಅದಿಲ್ಲದೆ ಬರೆದ ಅಲಾರಂ ಟೆಂಡರ್ ಅಂದಾಜಿನ ಮೇಲೆ ಮಾಡಿದ ಅಂದಾಜು ಅಷ್ಟೆ.

ಯಾವ ಕೋಣೆಗೆ ಯಾವ ಡಿಟೆಕ್ಟರ್

ಎಲ್ಲಾ ಕಡೆ ಒಂದೇ ಬಗೆಯ ಡಿಟೆಕ್ಟರ್ ಬಡಿದು ಬಿಲ್ ಮಾಡುವುದು ಸುಲಭ. ಆದರೆ ಪ್ರತಿ ಕೋಣೆಯ ಬೆಂಕಿ ಬೇರೆ ಬೇರೆ.

ಕಚೇರಿ ಕೋಣೆ, ಓಣಿ, ಮೆಟ್ಟಿಲು: ಬೆಳಕಿನ ಕಿರಣದಿಂದ ಹೊಗೆ ಗುರುತಿಸುವ ಆಪ್ಟಿಕಲ್ ಸ್ಮೋಕ್ ಡಿಟೆಕ್ಟರ್. ತಂತಿ, ಪ್ಲಾಸ್ಟಿಕ್, ಕುಶನ್ ನಿಧಾನಕ್ಕೆ ಕಮರುವಾಗ ಬರುವ ದಟ್ಟ ಹೊಗೆಯನ್ನು ಇದು ಬೇಗ ಹಿಡಿಯುತ್ತದೆ.

ರೆಕಾರ್ಡ್ ರೂಮ್: ಇದೇ ಕಚೇರಿಯ ಹೃದಯ. ಬಿಗಿಯಾಗಿ ಕಟ್ಟಿದ ಕಾಗದದ ಗಂಟು ಭಗ್ಗನೆ ಉರಿಯುವುದಿಲ್ಲ. ಒಳಗೊಳಗೇ ಗಂಟೆಗಟ್ಟಲೆ ಕಮರುತ್ತದೆ. ಇಲ್ಲಿ ಶಾಖದ ಡಿಟೆಕ್ಟರ್ ಹಾಕಿದರೆ ಅದು ಎಚ್ಚರವಾಗುವಷ್ಟರಲ್ಲಿ ಅರ್ಧ ಪಹಣಿ ಬೂದಿ. ಹೊಗೆಯದ್ದೇ ಬೇಕು. ಸಾಧ್ಯವಿದ್ದರೆ ಕೊಳವೆಯ ಮೂಲಕ ಗಾಳಿ ಎಳೆದು ಪರೀಕ್ಷಿಸುತ್ತಲೇ ಇರುವ, ಹೆಚ್ಚು ಸೂಕ್ಷ್ಮ ವ್ಯವಸ್ಥೆ ಹಾಕಬಹುದು. ಕಪಾಟುಗಳು ಚಾವಣಿ ಮುಟ್ಟುವಂತಿದ್ದರೆ ಪ್ರತಿ ಸಾಲಿನ ನಡುವಿನ ದಾರಿಯನ್ನೂ ಬೇರೆ ಕೋಣೆ ಎಂದೇ ಎಣಿಸಬೇಕು.

ಕ್ಯಾಂಟೀನ್, ಜನರೇಟರ್ ಕೋಣೆ: ಇಲ್ಲಿ ಹೀಟ್ ಡಿಟೆಕ್ಟರ್. ಒಗ್ಗರಣೆ ಹಾಕಿದಾಗಲೆಲ್ಲ ಕಿರುಚುವ ಅಲಾರಂ ಅನ್ನು ಮೂರನೇ ದಿನಕ್ಕೇ ಯಾರಾದರೂ ಬಂದ್ ಮಾಡುತ್ತಾರೆ.

ಸರ್ವರ್, ಯುಪಿಎಸ್ ಕೋಣೆ, ಕೇಬಲ್ ಶಾಫ್ಟ್: ಹೊಗೆ ಡಿಟೆಕ್ಟರ್ ಖಾಯಂ. ಬೀಗ ಹಾಕಿದ ಶಾಫ್ಟ್ ಅಂತ ಬಿಡುವಂತಿಲ್ಲ. ಕಾರ್ಲ್‌ಟನ್‌ನಲ್ಲಿ ಹೊಗೆ ಎದ್ದದ್ದು ಶಾಫ್ಟ್‌ನಿಂದಲೇ.

ಎತ್ತರದ ಶೆಡ್: ಕಾರ್ಖಾನೆ ಶೆಡ್ ಸಭಾಂಗಣವಾದರೆ ಸಮಸ್ಯೆ ಬೇರೆ. ಚಾವಣಿ ಹತ್ತು ಹನ್ನೊಂದು ಮೀಟರ್ ದಾಟಿದರೆ ಹೊಗೆ ಮೇಲೇರುವಷ್ಟರಲ್ಲಿ ತೆಳುವಾಗಿ ಹರಡುತ್ತದೆ, ಸಾಮಾನ್ಯ ಡಿಟೆಕ್ಟರ್‌ಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ ತಗಡಿನ ಕೆಳಗೆ ಕಾದ ಗಾಳಿ ಪದರವಾಗಿ ನಿಂತು ಹೊಗೆಯನ್ನು ಮೇಲೆ ಬಿಡುವುದೂ ಇಲ್ಲ. ಅಂಥಲ್ಲಿ ಈ ಗೋಡೆಯಿಂದ ಆ ಗೋಡೆಗೆ ಕಿರಣ ಹಾಯಿಸುವ ಬೀಮ್ ಡಿಟೆಕ್ಟರ್ ಬೇಕು, ಅದೂ ಒಂದಕ್ಕಿಂತ ಹೆಚ್ಚು ಎತ್ತರಗಳಲ್ಲಿ. ಹೊಸಪೇಟೆಯ ಬಿಸಿಲು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಳೇ ಕಲ್ಲಿನ ಕಟ್ಟಡ: ಹಂಪಿಯ ಸುತ್ತಮುತ್ತ ಮುಟ್ಟಬಾರದ ಗೋಡೆಗಳಿವೆ. ಕಲ್ಲು ಕೊರೆದು ಪೈಪು ಬಡಿಯುವಂತಿಲ್ಲದ ಕಡೆ ವೈರ್‌ಲೆಸ್ ಡಿಟೆಕ್ಟರ್ ಬಳಸಬಹುದು. ಆದರೆ ದಪ್ಪ ಕಲ್ಲಿನ ಗೋಡೆ ರೇಡಿಯೋ ಸಿಗ್ನಲ್ ನುಂಗುತ್ತದೆ, ಬ್ಯಾಟರಿ ಬದಲಿಸಲು ಶಿಸ್ತು ಬೇಕು. ಮೊದಲೇ ಸಿಗ್ನಲ್ ಅಳೆದು ನೋಡಿ ಹಾಕಬೇಕು.

ಎಷ್ಟು ದೂರಕ್ಕೊಂದು?

ನಮ್ಮಲ್ಲಿ ಬೆಂಕಿ ಪತ್ತೆ ಮತ್ತು ಅಲಾರಂ ವ್ಯವಸ್ಥೆಗೆ ಇರುವ ಭಾರತೀಯ ಮಾನಕ ಐಎಸ್ 2189. ವಿನ್ಯಾಸಕಾರರು ಬಳಸುವ ಮೂಲ ಅಳತೆ ಸರಳ: ಸಮತಟ್ಟಾದ ಚಾವಣಿಯ ಕೆಳಗೆ ಯಾವ ಬಿಂದುವೂ ಹತ್ತಿರದ ಸ್ಮೋಕ್ ಡಿಟೆಕ್ಟರ್‌ನಿಂದ 7.5 ಮೀಟರ್‌ಗಿಂತ ದೂರ ಇರಬಾರದು. ಹೀಟ್ ಡಿಟೆಕ್ಟರ್ ಆದರೆ 5.3 ಮೀಟರ್. ಗೋಡೆಯಿಂದ ಅರ್ಧ ಮೀಟರ್ ಬಿಡಬೇಕು, ಎಸಿ ಗಾಳಿ ಬೀಸುವ ಬಾಯಿಯಿಂದ ಒಂದು ಮೀಟರ್‌ ಆದರೂ ದೂರವಿರಬೇಕು.

ಒಂದು ಲೆಕ್ಕ ಮಾಡೋಣ. 40 ಮೀಟರ್ ಉದ್ದದ ಓಣಿ ಇದೆ. ಎರಡು ಡಿಟೆಕ್ಟರ್ ನಡುವೆ ಹೆಚ್ಚೆಂದರೆ 15 ಮೀಟರ್, ಹಾಗಾಗಿ ಮೂರು ಬೇಕು. ಪಕ್ಕದಲ್ಲಿ 12 ಮೀಟರ್ ಅಗಲ, 20 ಮೀಟರ್ ಉದ್ದದ ಹಾಲ್. ನಾಲ್ಕು ಡಿಟೆಕ್ಟರ್ ಸಾಕು. ಈಗ ಯಾರೋ ಬಂದು ಆ ಹಾಲ್‌ನೊಳಗೆ ಚಾವಣಿವರೆಗೆ ಪ್ಲೈವುಡ್ ಎಬ್ಬಿಸಿ ಆರು ಕ್ಯಾಬಿನ್, ನಡುವೆ ಒಂದು ಓಣಿ ಮಾಡುತ್ತಾರೆ. ಗೋಡೆ ಎದ್ದಲ್ಲೆಲ್ಲ ಹೊಗೆ ಅಲ್ಲೇ ನಿಲ್ಲುತ್ತದೆ. ಈಗ ಕನಿಷ್ಠ ಏಳು ಡಿಟೆಕ್ಟರ್ ಬೇಕು. ಬಿಲ್ಲಿನಲ್ಲಿ ಇರುವುದು ನಾಲ್ಕೇ. ಮೂರು ಕ್ಯಾಬಿನ್ ಕುರುಡಾಗಿ ಉಳಿಯುತ್ತವೆ, ಯಾರ ಗಮನಕ್ಕೂ ಬರುವುದಿಲ್ಲ. ನವೀಕರಣದ ಕಟ್ಟಡಗಳಲ್ಲಿ ಅಲಾರಂ ಕೆಡುವ ಅತಿ ಸಾಮಾನ್ಯ ದಾರಿ ಇದು: ಒಳಾಂಗಣದ ಗುತ್ತಿಗೆ ಒಬ್ಬರಿಗೆ, ಅಲಾರಂ ಗುತ್ತಿಗೆ ಇನ್ನೊಬ್ಬರಿಗೆ, ಇಬ್ಬರ ನಕ್ಷೆಗಳು ಯಾವತ್ತೂ ಭೇಟಿಯಾಗಿರುವುದಿಲ್ಲ.

ಮನುಷ್ಯರೇ ಒತ್ತುವ ಕೆಂಪು ಪೆಟ್ಟಿಗೆಯೂ ಬೇಕು. ಎಷ್ಟೋ ಸಲ ಹೊಗೆಯನ್ನು ಯಂತ್ರಕ್ಕಿಂತ ಮೊದಲು ಮೂಗು ಹಿಡಿಯುತ್ತದೆ. ಅದು ಪ್ರತಿ ಮಹಡಿಯ ಹೊರದಾರಿಯ ಬಳಿ ಇರಬೇಕು, 30 ಮೀಟರ್‌ಗಿಂತ ಹೆಚ್ಚು ನಡೆಯುವಂತಾಗಬಾರದು. ರೂಢಿಯ ಎತ್ತರ 1.4 ಮೀಟರ್, ವೀಲ್‌ಚೇರ್‌ನಲ್ಲಿ ಕುಳಿತವರ ಕೈಗೂ ಎಟುಕಬೇಕೆಂದರೆ 1.2 ಮೀಟರ್‌ಗೆ ಇಳಿಸುವುದು ಲೇಸು. ಅದರ ಮುಂದೆ ಕ್ಯಾಲೆಂಡರ್, ಅಲ್ಮೆರಾ, ಜಯಂತಿಯ ಬ್ಯಾನರ್ ಯಾವುದೂ ಬರಬಾರದು.

ಪ್ಯಾನೆಲ್, ತಂತಿ, ಬ್ಯಾಟರಿ

ಅಲಾರಂ ಪ್ಯಾನೆಲ್‌ಗಳಲ್ಲಿ ಎರಡು ಬಗೆ. ಹಳೇ ಮಾದರಿಯ ಕನ್ವೆನ್ಷನಲ್ ಪ್ಯಾನೆಲ್ ‘ಮೊದಲ ಮಹಡಿ’ ಅಂತಷ್ಟೇ ಹೇಳುತ್ತದೆ. ಅಡ್ರೆಸಬಲ್ ಪ್ಯಾನೆಲ್ ‘ಮೊದಲ ಮಹಡಿ, ರೆಕಾರ್ಡ್ ರೂಮ್, ಎರಡನೇ ಡಿಟೆಕ್ಟರ್’ ಅನ್ನುತ್ತದೆ. ನಾಲ್ಕೈದು ಕೋಣೆಯ ಕಚೇರಿಗೆ ಮೊದಲನೆಯದು ಸಾಕು. ಹತ್ತಾರು ಇಲಾಖೆ ಇರುವ, ಅರ್ಧ ಬಾಗಿಲಿಗೆ ಬೀಗ ಬಿದ್ದಿರುವ ಕಟ್ಟಡದಲ್ಲಿ ಎಲ್ಲಿ ಅಂತ ಹುಡುಕುವುದರಲ್ಲೇ ನಿಮಿಷಗಳು ಹೋಗುತ್ತವೆ. ಅಲ್ಲಿ ಅಡ್ರೆಸಬಲ್ ಬೇಕು. ಅದರ ತಂತಿ ಪ್ಯಾನೆಲ್‌ನಿಂದ ಹೊರಟು ಕಟ್ಟಡ ಸುತ್ತಿ ಮತ್ತೆ ಪ್ಯಾನೆಲ್‌ಗೇ ಬರುತ್ತದೆ. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸುದ್ದಿ ತಲುಪುತ್ತದೆ. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಂದೇ ಪೈಪಿನಲ್ಲಿ ತುರುಕಿದರೆ ಈ ಲಾಭ ಸೊನ್ನೆ. ಹಣ ಉಳಿಸಲು ಮಾಡುವ ಮೊದಲ ಕಳ್ಳತನವೂ ಇದೇ, ನೋಡಿಟ್ಟುಕೊಳ್ಳಿ.

ಪ್ಯಾನೆಲ್ ಇರಬೇಕಾದ್ದು 24 ಗಂಟೆ ಯಾರಾದರೂ ಇರುವ ಜಾಗದಲ್ಲಿ. ಸಂಜೆ ಐದೂವರೆಗೆ ಬೀಗ ಬೀಳುವ ಕೋಣೆಯಲ್ಲಿ ಇಟ್ಟರೆ ರಾತ್ರಿ ಅದು ಯಾರಿಗೆ ಹೇಳಬೇಕು?

ಕರೆಂಟು ಹೋದಾಗ? ಸಾಮಾನ್ಯ ನಿಯಮ: ಬ್ಯಾಟರಿ ಮೇಲೆ 24 ಗಂಟೆ ಕಾವಲು ಕಾದು, ಆಮೇಲೂ ಅರ್ಧ ಗಂಟೆ ಪೂರ್ತಿ ಸದ್ದು ಮಾಡುವ ಶಕ್ತಿ ಇರಬೇಕು. ಸುಮ್ಮನಿರುವಾಗ ಅರ್ಧ ಆಂಪಿಯರ್, ಬಾರಿಸುವಾಗ 3 ಆಂಪಿಯರ್ ಎಳೆಯುವ ವ್ಯವಸ್ಥೆಗೆ ಲೆಕ್ಕ ಹಾಕಿ: 12 ಕೂಡಿಸು ಒಂದೂವರೆ, ಒಟ್ಟು 13.5 ಆಂಪಿಯರ್ ಅವರ್. ಬ್ಯಾಟರಿ ಹಳತಾದಂತೆ ಸೊರಗುವುದಕ್ಕೆ ಕಾಲುಭಾಗ ಹೆಚ್ಚಿಗೆ ಸೇರಿಸಿದರೆ ಸುಮಾರು 17. ಅಂದರೆ 18ರ ಬ್ಯಾಟರಿ ಬೇಕು. 7ರದ್ದು ಹಾಕಿ ‘ಬ್ಯಾಕಪ್ ಇದೆ’ ಅಂದರೆ ನಂಬಬೇಡಿ.

ಸದ್ದು ಯಾರಿಗೆ ಕೇಳಬೇಕು, ಯಾವ ಭಾಷೆಯಲ್ಲಿ?

ಹೂಟರ್ ಸದ್ದು ಎಲ್ಲಾ ಕಡೆ ಕನಿಷ್ಠ 65 ಡೆಸಿಬೆಲ್, ಅಥವಾ ಅಲ್ಲಿನ ಗದ್ದಲಕ್ಕಿಂತ 5 ಡೆಸಿಬೆಲ್ ಜಾಸ್ತಿ ಇರಬೇಕು. ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಇರುವ ಹೂಟರ್ 16 ಮೀಟರ್ ದೂರಕ್ಕೆ ಹೋಗುವಷ್ಟರಲ್ಲಿ ಸುಮಾರು 76ಕ್ಕೆ ಇಳಿಯುತ್ತದೆ. ಮುಚ್ಚಿದ ಮರದ ಬಾಗಿಲು ಇನ್ನೊಂದು 20 ನುಂಗಿತು ಅಂತಿಟ್ಟುಕೊಳ್ಳಿ. ಒಳಗಿದ್ದವರಿಗೆ ಉಳಿಯುವುದು 56. ಎಸಿ, ಪ್ರಿಂಟರ್, ಮಾತುಕತೆಯ ನಡುವೆ ಅದು ಕೇಳುವುದಿಲ್ಲ. ಹಾಗಾಗಿ ಓಣಿಯಲ್ಲೊಂದು ದೊಡ್ಡ ಹೂಟರ್ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಸಣ್ಣವು ಹೆಚ್ಚು ಕಡೆ ಬೇಕು.

ಕಿವಿ ಕೇಳದವರಿಗೆ ಮಿಣುಕುವ ದೀಪ ಬೇಕು, ಮುಖ್ಯವಾಗಿ ಒಬ್ಬರೇ ಇರುವ ಜಾಗಗಳಲ್ಲಿ, ಅಂದರೆ ಶೌಚಾಲಯ ಮತ್ತು ರೆಕಾರ್ಡ್ ರೂಮ್‌ನಲ್ಲಿ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. ರ‍್ಯಾಂಪ್ ಕಟ್ಟಿದ ಕೂಡಲೇ ಅದರ ಕೆಲಸ ಮುಗಿಯುವುದಿಲ್ಲ.

ಇನ್ನು ಭಾಷೆ. ಬರೀ ‘ಕುಂಯ್’ ಅನ್ನುವ ಸದ್ದಿಗೆ ಜನ ತಕ್ಷಣ ಏಳುವುದಿಲ್ಲ. ಪಕ್ಕದವರನ್ನು ನೋಡುತ್ತಾರೆ. ‘ಏ, ಅದು ಸುಮ್ನೆ ಬಡ್ಕೊಳ್ತದ ಬಿಡ್ರಿ’ ಅನ್ನುತ್ತಾರೆ. ಮನುಷ್ಯ ದನಿಯಲ್ಲಿ ಸ್ಪಷ್ಟ ಸೂಚನೆ ಬಂದರೆ ಬೇಗ ಹೊರಡುತ್ತಾರೆ. ಹೊಸಪೇಟೆಯ ಸರ್ಕಾರಿ ಕಚೇರಿಯಲ್ಲಿ ಆ ದನಿ ಇಂಗ್ಲಿಷ್‌ನಲ್ಲಿ ‘ಪ್ಲೀಸ್ ಇವ್ಯಾಕ್ಯುಯೇಟ್’ ಅಂದರೆ ಯಾರಿಗೆ ಹೇಳಿದಂತಾಯಿತು? ಕನ್ನಡ ಮೊದಲು. ತೆಲುಗು, ಉರ್ದು ಆಡುವವರು ಈ ಊರಲ್ಲಿ ತಲೆಮಾರುಗಳಿಂದ ಇದ್ದಾರೆ, ಅವರಿಗೂ ಒಂದೊಂದು ಸಾಲು ಇರಲಿ. ‘ಬೆಂಕಿ ಬಿದ್ದಿದೆ. ಎಲ್ಲರೂ ಮೆಟ್ಟಿಲಿನಿಂದ ಹೊರಗೆ ಹೋಗಿ. ಲಿಫ್ಟ್ ಹತ್ತಬೇಡಿ.’ ಇಷ್ಟು ಸಾಕು.

ಗಂಟೆ ಬಾರಿಸಿದಾಗ ಕಟ್ಟಡ ಏನು ಮಾಡಬೇಕು?

ಅಲಾರಂ ಜೊತೆಗೆ ಕಟ್ಟಡವೂ ಸ್ಪಂದಿಸಬೇಕು. ಎಸಿಯ ಗಾಳಿ ನಿಲ್ಲಬೇಕು, ಇಲ್ಲದಿದ್ದರೆ ಅದೇ ಹೊಗೆಯನ್ನು ಕೋಣೆ ಕೋಣೆಗೆ ಹಂಚುತ್ತದೆ. ಬೆರಳಚ್ಚಿನ ಎಲೆಕ್ಟ್ರಾನಿಕ್ ಬಾಗಿಲುಗಳು ತಾವಾಗಿ ಬಿಚ್ಚಿಕೊಳ್ಳಬೇಕು. ಲಿಫ್ಟ್ ನೆಲಮಹಡಿಗೆ ಬಂದು ಬಾಗಿಲು ತೆರೆದು ನಿಲ್ಲಬೇಕು. 2021ರ ಮಾರ್ಚ್ 8ರಂದು ಕೋಲ್ಕತ್ತಾದ ಸ್ಟ್ರ್ಯಾಂಡ್ ರಸ್ತೆಯ ರೈಲ್ವೆ ಕಚೇರಿ ಕಟ್ಟಡದ 13ನೇ ಮಹಡಿಗೆ ಬೆಂಕಿ ಬಿತ್ತು. ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿಯೂ ಸೇರಿ 9 ಮಂದಿ ಸತ್ತರು; ಲಿಫ್ಟ್‌ ಬಳಸಿದ್ದೇ ಹಲವರಿಗೆ ಮುಳುವಾಯಿತು.

ಯಾವ ಡಿಟೆಕ್ಟರ್ ಎಚ್ಚೆತ್ತರೆ ಏನೇನು ಆಗಬೇಕು ಅನ್ನುವುದನ್ನು ಒಂದು ಕೋಷ್ಟಕದಲ್ಲಿ ಬರೆದಿಡುತ್ತಾರೆ. ವಿನ್ಯಾಸ ಇದೆಯೋ ಇಲ್ಲವೋ ತಿಳಿಯಲು ಆ ಒಂದು ಹಾಳೆ ಕೇಳಿದರೆ ಸಾಕು. ಅದಿಲ್ಲ ಅಂದರೆ ಅಲ್ಲಿರುವುದು ಬಿಡಿ ಸಾಮಾನು.

ಕೆಂಪು ಧೂಳು ಮತ್ತು ಸುಳ್ಳು ಕೂಗು

ಅಲಾರಂನ ದೊಡ್ಡ ಶತ್ರು ಬೆಂಕಿಯಲ್ಲ, ಸುಳ್ಳು ಅಲಾರಂ. ‘ತೋಳ ಬಂತು ತೋಳ’ ಕಥೆ ಗೊತ್ತಲ್ಲ? ನಾಲ್ಕು ಸಲ ಸುಮ್ಮನೆ ಬಾರಿಸಿದ ಗಂಟೆಗೆ ಐದನೇ ಸಲ ಯಾರೂ ಏಳುವುದಿಲ್ಲ. ಅದಕ್ಕೂ ಮೊದಲೇ ಯಾರೋ ಹೂಟರ್ ವೈರ್ ಕಿತ್ತಿರುತ್ತಾರೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಸ್ಥಳೀಯ ಕಾರಣಗಳಿವೆ. ಸಂಡೂರಿನ ಅದಿರು ಲಾರಿಗಳ ಕೆಂಪು ಧೂಳು ಡಿಟೆಕ್ಟರ್‌ನ ಒಳಗಿನ ಕೋಣೆಗೆ ಸೇರಿದರೆ ಅದಕ್ಕೆ ಹೊಗೆಯಂತೆಯೇ ಕಾಣುತ್ತದೆ. ಕಾಲುವೆ ಬಯಲಿನಲ್ಲಿ ಮಳೆಗಾಲದ ಸಂಜೆ ದೀಪಕ್ಕೆ ಮುತ್ತುವ ಹುಳುಗಳು ಒಳಗೆ ಹೊಕ್ಕುತ್ತವೆ. ಕಂಪ್ಲಿ ಕಡೆ ಕಬ್ಬಿನ ರವದಿ, ಭತ್ತದ ಹುಲ್ಲು ಸುಡುವಾಗ ಕಿಟಕಿಯಿಂದ ಹೊಗೆ ಬರುತ್ತದೆ. ಸೊಳ್ಳೆಗೆ ಫಾಗಿಂಗ್ ಮಾಡಿದಾಗಲೂ ಅಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ನವೀಕರಣದ ಪ್ಲಾಸ್ಟರ್ ಧೂಳು: ಕೆಲಸ ಮುಗಿಯುವ ಮೊದಲೇ ಡಿಟೆಕ್ಟರ್ ಹಾಕಿ ಮುಚ್ಚಳ ತೆಗೆದರೆ ಉದ್ಘಾಟನೆಯ ದಿನಕ್ಕೇ ಅದು ಅರ್ಧ ಕುರುಡು.

ಪರಿಹಾರ ಕಷ್ಟದ್ದೇನಲ್ಲ. ಡಿಟೆಕ್ಟರ್‌ಗೆ ಹುಳು ತಡೆಯುವ ಬಲೆ ಇರಲಿ. ಬಣ್ಣ ಬಳಿದು ಮುಗಿದ ಮೇಲೇ ಧೂಳಿನ ಮುಚ್ಚಳ ತೆಗೆಯಲಿ. ರಸ್ತೆ ಕಡೆಯ ಕೋಣೆಗಳಲ್ಲಿ ಹೊಗೆ ಮತ್ತು ಶಾಖ ಎರಡನ್ನೂ ನೋಡುವ ಜೋಡಿ ಡಿಟೆಕ್ಟರ್ ಹಾಕಲಿ. ಧೂಳಿನ ಊರಿಗೆ ಸ್ವಚ್ಛಗೊಳಿಸುವ ಅವಧಿಯೂ ಚಿಕ್ಕದಿರಲಿ. ಬೆಂಗಳೂರಿನ ಗಾಜಿನ ಕಟ್ಟಡದ ನಿರ್ವಹಣಾ ಪಟ್ಟಿ ಸಂಡೂರಿಗೆ ಒಗ್ಗುವುದಿಲ್ಲ.

ಕಾನೂನು ಎಲ್ಲಿದೆ, ಎಲ್ಲಿ ಇಲ್ಲ

ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗ ಅಗ್ನಿ ಮತ್ತು ಜೀವ ಸುರಕ್ಷತೆಯದ್ದು. ಕಚೇರಿಗಳು ಅದರಲ್ಲಿ ‘ಇ’ ಗುಂಪಿಗೆ ಸೇರುತ್ತವೆ. ಸಂಹಿತೆ ತಾನಾಗಿಯೇ ಕಾನೂನಲ್ಲ. ರಾಜ್ಯದ ಕಾಯ್ದೆ, ಸ್ಥಳೀಯ ಕಟ್ಟಡ ನಿಯಮಗಳ ಮೂಲಕ ಅದಕ್ಕೆ ಬಲ ಬರುತ್ತದೆ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರದ ಒತ್ತಡ ಹೆಚ್ಚು ಇರುವುದು ಎತ್ತರದ ಕಟ್ಟಡಗಳ ಮೇಲೆ. ಸಂಹಿತೆ 15 ಮೀಟರ್ ಮತ್ತು ಮೇಲ್ಪಟ್ಟದ್ದನ್ನು ಬಹುಮಹಡಿ ಅನ್ನುತ್ತದೆ.

ಇಲ್ಲೇ ಸಮಸ್ಯೆ ಇರೋದು. ತಾಲ್ಲೂಕು, ಜಿಲ್ಲಾ ಕೇಂದ್ರಗಳ ಬಹುಪಾಲು ಸರ್ಕಾರಿ ಕಚೇರಿಗಳು ಒಂದೆರಡು ಮಹಡಿಯವು. ಎತ್ತರ ಕಡಿಮೆ, ಹಾಗಾಗಿ ಕೇಳುವವರೂ ಕಡಿಮೆ. ಆದರೆ ಹೊಗೆ ಎತ್ತರ ನೋಡಿ ಬರುವುದಿಲ್ಲ. 2023ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದಲ್ಲಿ ಬೆಂಕಿ ಕಾಣಿಸಿಕೊಂಡು 9 ಸಿಬ್ಬಂದಿ ಗಾಯಗೊಂಡರು. ಅವರಲ್ಲಿ ಒಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಗಗನಚುಂಬಿ ಕಟ್ಟಡವೇನಲ್ಲ.

ಜೀವದ ಜೊತೆ ಕಡತಗಳ ಪ್ರಶ್ನೆಯೂ ಇದೆ. 2012ರ ಜೂನ್ 21ರಂದು ಮುಂಬೈನ ಮಂತ್ರಾಲಯ ಹೊತ್ತಿ ಉರಿಯಿತು. 2023ರ ಜೂನ್ 12ರಂದು ಭೋಪಾಲ್‌ನ ಸತ್ಪುಡಾ ಭವನದಲ್ಲಿ ಇಲಾಖೆಗಳ ಕಡತಗಳು ಸುಟ್ಟವು. ಎರಡೂ ಸಲ ‘ಬೆಂಕಿ ಬಿತ್ತೋ, ಹಚ್ಚಿದರೋ’ ಅನ್ನುವ ರಾಜಕೀಯ ಜಗಳ ಎದ್ದಿತು. ಚೆನ್ನಾಗಿ ವಿನ್ಯಾಸಗೊಂಡ ಅಡ್ರೆಸಬಲ್ ಪ್ಯಾನೆಲ್‌ಗೆ ಇಲ್ಲೂ ಒಂದು ಉಪಯೋಗ ಇದೆ: ಮೊದಲು ಯಾವ ಡಿಟೆಕ್ಟರ್, ಎಷ್ಟು ಗಂಟೆಗೆ ಎಚ್ಚೆತ್ತಿತು, ಅದಕ್ಕೂ ಮೊದಲು ಯಾರಾದರೂ ವ್ಯವಸ್ಥೆಯನ್ನು ಬಂದ್ ಮಾಡಿದ್ದರಾ ಅನ್ನುವುದು ಅದರ ನೆನಪಿನಲ್ಲಿ ಸಮಯ ಸಮೇತ ಉಳಿಯುತ್ತದೆ. ಅಕ್ರಮ ಗಣಿಗಾರಿಕೆಯ ಕಾಗದಪತ್ರಗಳ ಮೇಲೆ ವರ್ಷಗಟ್ಟಲೆ ಹೋರಾಟ ನಡೆದ ಈ ನೆಲದಲ್ಲಿ ಒಂದು ರೆಕಾರ್ಡ್ ರೂಮ್‌ನ ಬೆಲೆ ಏನು ಅಂತ ಹೇಳಿಕೊಡಬೇಕಾ?

ಗೇಟು ಇದ್ದರೆ ಸಾಲದು, ಸರಪಳಿಯೂ ಬೇಕು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನ್ ಲಿಂಕ್ ಕಳಚಿ ಕೊಚ್ಚಿಹೋಯಿತು. ಕಟ್ಟಿದ್ದು ಎಷ್ಟೇ ಗಟ್ಟಿಯಿರಲಿ, ಅದನ್ನು ಹಿಡಿದಿಡುವ ಕೊಂಡಿಗಳ ನಿಗಾ ತಪ್ಪಿದರೆ ಏನಾಗುತ್ತದೆ ಅನ್ನುವುದನ್ನು ಟಿ.ಬಿ. ಡ್ಯಾಂ ಜನ ಕಣ್ಣಾರೆ ಕಂಡರು. ಫೈರ್ ಅಲಾರಂ ಕೂಡ ಅಂಥದ್ದೇ ಒಂದು ಕೊಂಡಿ. ಗುತ್ತಿಗೆದಾರರ ಹೊಣೆ ಅವಧಿ ಮುಗಿದ ಮರುದಿನದಿಂದ ಅದು ಯಾರದ್ದು? ಲೋಕೋಪಯೋಗಿ ಇಲಾಖೆಯದ್ದಾ, ಕಚೇರಿ ಮುಖ್ಯಸ್ಥರದ್ದಾ, ಹೊರಗುತ್ತಿಗೆಯ ಸೆಕ್ಯುರಿಟಿ ಸಿಬ್ಬಂದಿಯದ್ದಾ? ಬಹಳಷ್ಟು ಕಡೆ ಉತ್ತರ ಇರುವುದಿಲ್ಲ. ಪ್ಯಾನೆಲ್ ಮೇಲೆ ಹಳದಿ ದೀಪ ತಿಂಗಳುಗಟ್ಟಲೆ ಮಿಣುಕುತ್ತಿರುತ್ತದೆ.

ಅದಕ್ಕೇ ಟೆಂಡರ್ ಬರೆಯುವಾಗಲೇ ನಿರ್ವಹಣೆ ಸೇರಬೇಕು. ಕನಿಷ್ಠ ಐದು ವರ್ಷದ ನಿರ್ವಹಣಾ ಒಪ್ಪಂದ, ಬಿಡಿಭಾಗ ಸಿಗುವ ಖಾತರಿ, ಸಾಫ್ಟ್‌ವೇರ್ ಪಾಸ್‌ವರ್ಡ್ ಕಚೇರಿಯ ವಶಕ್ಕೆ, ಕನ್ನಡದಲ್ಲಿ ಬಳಕೆಯ ಕೈಪಿಡಿ. ವಾರಕ್ಕೊಮ್ಮೆ ಒಂದು ಕೆಂಪು ಪೆಟ್ಟಿಗೆ ಒತ್ತಿ ಪರೀಕ್ಷೆ, ಪ್ರತಿ ವಾರ ಬೇರೆ ಬೇರೆಯದು. ವರ್ಷದೊಳಗೆ ಎಲ್ಲಾ ಡಿಟೆಕ್ಟರ್‌ಗಳಿಗೂ ನಿಜವಾದ ಪರೀಕ್ಷಾ ಹೊಗೆ ಹಿಡಿದು ತಪಾಸಣೆ. ವರ್ಷಕ್ಕೆ ಎರಡು ಸಲವಾದರೂ ಅಣಕು ಕಾರ್ಯಾಚರಣೆ, ಅದೂ ಜನಸಂದಣಿ ಇರುವ ದಿನ, ಸಾಹೇಬರೂ ಇಳಿದು ಬರುವಂತೆ. ಕಾವಲುಗಾರರಿಗೆ ಪ್ಯಾನೆಲ್ ಓದಲು ತರಬೇತಿ ಮತ್ತು ಯಾರನ್ನೂ ಕೇಳದೆ 101 ಅಥವಾ 112ಕ್ಕೆ ಕರೆ ಮಾಡುವ ಲಿಖಿತ ಅಧಿಕಾರ. ‘ಸರ್‌ಗೆ ಕೇಳಿ ಮಾಡೋಣ’ ಅಂದರೆ ನಿಮಿಷಗಳು ಅಲ್ಲೇ ಕರಗುತ್ತವೆ.

ನೀವು ಕೇಳಬಹುದಾದ ಎಂಟು ಪ್ರಶ್ನೆಗಳು

ನಿಮ್ಮ ತಾಲ್ಲೂಕು ಕಚೇರಿ, ನಗರಸಭೆ, ವಿಶ್ವವಿದ್ಯಾಲಯ, ಯಾವುದೇ ಇರಲಿ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಈ ದಾಖಲೆಗಳನ್ನು ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು.

1. ಕಟ್ಟಡದ ಈಗಿನ ಸ್ಥಿತಿಯ ನಕ್ಷೆ ಮತ್ತು ಅದರ ಮೇಲೆ ಗುರುತಿಸಿದ ಡಿಟೆಕ್ಟರ್‌ಗಳ ಜಾಗ.
2. ನವೀಕರಣದ ಅಂದಾಜು ಪಟ್ಟಿಯಲ್ಲಿ ಅಗ್ನಿ ಸುರಕ್ಷತೆಗೆ ಇಟ್ಟ ಮೊತ್ತ, ಖರ್ಚಾದ ಮೊತ್ತ.
3. ಯಾವ ಡಿಟೆಕ್ಟರ್‌ಗೆ ಕಟ್ಟಡ ಹೇಗೆ ಸ್ಪಂದಿಸಬೇಕು ಅನ್ನುವ ಕೋಷ್ಟಕ.
4. ಬ್ಯಾಟರಿ ಸಾಮರ್ಥ್ಯದ ಲೆಕ್ಕ ಮತ್ತು ಅದನ್ನು ಕೊನೆಯ ಸಲ ಬದಲಿಸಿದ ದಿನಾಂಕ.
5. ಒಪ್ಪಿಸುವಾಗ ನಡೆಸಿದ ಪರೀಕ್ಷೆಯ ವರದಿ. ಪ್ರತಿ ಕೋಣೆಯಲ್ಲಿ ಅಳೆದ ಸದ್ದಿನ ಮಟ್ಟ.
6. ಕಳೆದ ಒಂದು ವರ್ಷದ ಅಲಾರಂ ಲಾಗ್‌ಬುಕ್ ಪ್ರತಿ, ಸುಳ್ಳು ಅಲಾರಂ ಮತ್ತು ಬಂದ್ ಮಾಡಿದ ಅವಧಿ ಸಮೇತ.
7. ಚಾಲ್ತಿಯಲ್ಲಿರುವ ನಿರ್ವಹಣಾ ಒಪ್ಪಂದ ಮತ್ತು ಹೊಣೆ ಹೊತ್ತ ಅಧಿಕಾರಿಯ ಹುದ್ದೆ.
8. ಕೊನೆಯ ಅಣಕು ಕಾರ್ಯಾಚರಣೆಯ ದಿನಾಂಕ ಮತ್ತು ಎಲ್ಲರೂ ಹೊರಬರಲು ಹಿಡಿದ ನಿಮಿಷಗಳು.

ಅರ್ಜಿ ಹಾಕುವ ಮೊದಲು ಒಮ್ಮೆ ಸುಮ್ಮನೆ ಹೋಗಿ ನೋಡಿ. ಪ್ಯಾನೆಲ್ ಮೇಲೆ ಹಸಿರು ದೀಪ ಇದೆಯಾ, ಹಳದಿಯಾ? ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಕವರ್ ಇನ್ನೂ ಸುತ್ತಿದೆಯಾ? ಹಿಂಬಾಗಿಲಿಗೆ ಬೀಗ ಇದೆಯಾ? ಐದು ನಿಮಿಷದ ಕೆಲಸ.

ಎಂಟನೇ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಮೊದಲ ಏಳಕ್ಕೆ ಕಾಗದದ ಮೇಲೆ ಉತ್ತರ ಹೊಂದಿಸಬಹುದು. ಕೊನೆಯ ಮನುಷ್ಯ ಹೊರಬರಲು ಎಷ್ಟು ನಿಮಿಷ ಬೇಕಾಯಿತು ಅನ್ನುವುದನ್ನು ನಿಜವಾಗಿ ಅಳೆದವರಷ್ಟೇ ಹೇಳಬಲ್ಲರು.